ಹಳೆಯ ಗೇಮ್ ಕನ್ಸೋಲ್‌ಗಳು: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಟೀವಿ, ಸ್ಟೆಬಿಲೈಸರ್ ರಿಪೇರಿ ಮಾಡಿಕೊಂಡಿದ್ದ ನಾನು ಗಿರಾಕಿಗಳು ತಂದುಕೊಟ್ಟಿದ್ದನ್ನು ಬಿಚ್ಚುತ್ತಾ ಬಿಚ್ಚುತ್ತಾ ವಿಡಿಯೋ ಗೇಮ್ ಕನ್ಸೋಲ್, ಅಂದರೆ ಆಟ ಆಡುವ ಮಶಿನ್‌ಗಳ ರಿಪೇರಿಗೆ ಬಂದವನು. ಕೌಂಟರಿನ ಆಚೆ ನಿಂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದುಕೊಂಡು ಅರ್ಧಂಬರ್ಧ ಉತ್ತರ ಹೇಳಿ ಕಳಿಸಿದ ದಿನ ರಾತ್ರಿ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಅದಕ್ಕಾಗಿ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

ಕಂಪನಿಯವರು ಹಳೆಯ ಕನ್ಸೋಲ್‌ಗಳನ್ನು ಎಷ್ಟು ವರ್ಷ ನೋಡಿಕೊಳ್ಳಬೇಕು?

ವರ್ಷಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಪಕ್ಕದ ಹರಿಹರವನ್ನು ನೋಡಿ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಆದರೆ ಅಲ್ಲಿಂದ ಹೊರಬಂದ ಲೇತ್‌ಗಳು ಇವತ್ತಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಗೇರ್ ಸವೆದರೆ ಟರ್ನರ್ ಇನ್ನೊಂದನ್ನು ಕಡೆದು ಹಾಕುತ್ತಾನೆ, ಬೇರಿಂಗ್ ಹೋದರೆ ಅಂಗಡಿಯಿಂದ ತರುತ್ತಾನೆ, ಮೋಟಾರ್ ಸುಟ್ಟರೆ ಸುತ್ತಿಸುತ್ತಾನೆ. ತಯಾರಿಸಿದವರು ಇಲ್ಲವಾದರೂ ಯಂತ್ರ ಅನಾಥವಾಗಲಿಲ್ಲ. ಅದನ್ನು ಬಿಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂಬುದೇ ಕಾರಣ.

ಗೇಮ್ ಕನ್ಸೋಲ್ ವಿಷಯದಲ್ಲಿ ನಾನು ಕೇಳುವುದೂ ಇಷ್ಟನ್ನೇ. ಕಂಪನಿ ಇಪ್ಪತ್ತು ವರ್ಷದ ಹಿಂದಿನ ಮಶಿನ್ ಅನ್ನು ಇವತ್ತೂ ತಯಾರಿಸುತ್ತಿರಬೇಕು ಎಂದು ಯಾರೂ ಹಟ ಹಿಡಿಯುವುದಿಲ್ಲ. ನೋಡಿಕೊಳ್ಳುವುದು ಸಾಕು ಎನಿಸಿದ ದಿನ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಿ ಹೋಗಬೇಕು. ಬೀಗ ಜಡಿದು, ಕೈಯನ್ನೂ ಜೇಬಿಗೆ ಹಾಕಿಕೊಂಡು ಹೋಗುವುದು ಅನ್ಯಾಯ. ಮಶಿನ್ ತನ್ನ ಆಯುಷ್ಯ ಇರುವಷ್ಟು ದಿನ ನಡೆಯಬೇಕು. ಕಂಪನಿಯ ಆಸಕ್ತಿ ಇರುವಷ್ಟು ದಿನ ಮಾತ್ರ ನಡೆಯುವ ವಸ್ತುವನ್ನು ಪೂರ್ತಿ ಬೆಲೆಗೆ ಮಾರಬಾರದು.

ಬೆಂಬಲ ಅಂದರೆ ಏನೇನು ಸೇರುತ್ತದೆ?

ಆ ಒಂದು ಮಾತಿನ ಕೆಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ: ಮಶಿನ್ ತಯಾರಿಸುವುದು, ಕೆಟ್ಟಾಗ ರಿಪೇರಿ ಮಾಡಿಕೊಡುವುದು, ಆಟ ಮಾರುವ ಆನ್‌ಲೈನ್ ಅಂಗಡಿಯನ್ನು ತೆರೆದಿಡುವುದು, ಹತ್ತಾರು ಜನ ಇಂಟರ್‌ನೆಟ್‌ನಲ್ಲಿ ಜೊತೆಯಾಗಿ ಆಡಲು ಸರ್ವರ್ ಎಂಬ ಕಂಪನಿಯ ಕಂಪ್ಯೂಟರ್ ನಡೆಸುವುದು. ಇವುಗಳನ್ನು ಕಲಸಿಬಿಟ್ಟರೆ ವಾದ ಎಲ್ಲಿಗೂ ಮುಟ್ಟುವುದಿಲ್ಲ.

ನಿಂಟೆಂಡೊ ಕಂಪನಿ ತನ್ನ ಫ್ಯಾಮಿಕಾಮ್ ಎಂಬ ಕನ್ಸೋಲ್ ಅನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1983ರ ಜುಲೈ 15ರಂದು. ಅದರ ತಯಾರಿಕೆ ನಿಂತದ್ದು 2003ರಲ್ಲಿ, ಅಂದರೆ ಇಪ್ಪತ್ತು ವರ್ಷಗಳ ನಂತರ. ರಿಪೇರಿ ನಿಂತದ್ದು 2007ರಲ್ಲಿ, ಬಿಡಿಭಾಗಗಳು ಸಿಗದೇ ಹೋದಾಗ. ಸೋನಿಯ ಪ್ಲೇಸ್ಟೇಷನ್ 2 ಹೊರಬಂದದ್ದು 2000ದ ಮಾರ್ಚ್‌ನಲ್ಲಿ, ತಯಾರಿಕೆ ಪೂರ್ತಿ ನಿಂತದ್ದು 2013ರ ಆರಂಭದಲ್ಲಿ. ಜಪಾನಿನಲ್ಲಿ 2018ರ ಆಗಸ್ಟ್ ತನಕ ಕಂಪನಿಯೇ ಅದನ್ನು ರಿಪೇರಿಗೆ ತೆಗೆದುಕೊಳ್ಳುತ್ತಿತ್ತು. ಇವು ಹೆಮ್ಮೆಯಿಂದ ಹೇಳಬಹುದಾದ ಲೆಕ್ಕಗಳು, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ.

ಮೊದಲ ಎರಡು ಕೆಲಸಗಳು ನಿಂತರೂ ನಮ್ಮಂಥವರು ಹೇಗೋ ಸುಧಾರಿಸುತ್ತೇವೆ. ಮೂರನೆಯದು ಮತ್ತು ನಾಲ್ಕನೆಯದು ನಿಂತಾಗ ನಮ್ಮ ಸ್ಕ್ರೂಡ್ರೈವರ್‌ಗೆ ಅಲ್ಲಿ ಕೆಲಸವೇ ಇರುವುದಿಲ್ಲ.

ಪ್ಲೇಸ್ಟೇಷನ್ 2 ಈಗಲೂ ರಿಪೇರಿ ಆಗುತ್ತದೆಯೇ?

ಖಂಡಿತ ಆಗುತ್ತದೆ. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಮಶಿನ್ ಅದು. ಲೆನ್ಸ್, ಬೆಲ್ಟ್, ಜಾಯ್‌ಸ್ಟಿಕ್ಕಿನ ರಬ್ಬರ್ ಎಲ್ಲವೂ ಇನ್ನೂ ಸಿಗುತ್ತವೆ. ಸಿಗದಿದ್ದರೆ ಸತ್ತ ಮಶಿನ್‌ನಿಂದ ಬಿಚ್ಚಿ ಹಾಕುತ್ತೇವೆ.

ಕಳೆದ ಬೇಸಿಗೆಯಲ್ಲಿ ನಿಟ್ಟುವಳ್ಳಿಯಿಂದ ಒಬ್ಬ ಅಮ್ಮ ಬಂದರು. ಬಟ್ಟೆ ಅಂಗಡಿಯ ಚೀಲದಲ್ಲಿ ದಪ್ಪನೆಯ ಮೊದಲ ಮಾದರಿ. ಡಿಸ್ಕ್ ತಿರುಗುವ ಸದ್ದು ಬರುತ್ತದೆ, ಆಟ ಶುರುವಾಗುವುದಿಲ್ಲ ಎಂದರು. ಮೇಲಿನ ಮುಚ್ಚಳ ತೆಗೆದೆ. ಫ್ಯಾನಿನ ಬಾಯಿಗೆ ಧೂಳು ಒಗ್ಗರಣೆಯ ಜಿಡ್ಡಿನೊಂದಿಗೆ ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಡಿಸ್ಕ್ ತಟ್ಟೆಯ ಕೆಳಗೆ ಮಂಡಕ್ಕಿಯ ನಾಲ್ಕು ಕಾಳು, ಒಣಗಿ ಹಳದಿಯಾಗಿದ್ದವು. ಯಾವುದೋ ಸಂಜೆ ಖಾರ ಮಂಡಕ್ಕಿ ತಿನ್ನುತ್ತಲೇ ಡಿಸ್ಕ್ ಬದಲಿಸಿದ ಮಗುವಿನ ಕೈಯಿಂದ ಜಾರಿದ್ದಿರಬೇಕು. ಹತ್ತಿಯ ಕಡ್ಡಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿ ಲೆನ್ಸ್ ಒರೆಸಿದೆ. ಅದು ಓಡಾಡುವ ಸರಳಿನ ಹಳೆಯ ಗ್ರೀಸ್ ಕೆರೆದು ಹೊಸದನ್ನು ಸವರಿದೆ. ಟೀವಿಗೆ ಹಳದಿ, ಕೆಂಪು, ಬಿಳಿ ಪಿನ್ ಸಿಕ್ಕಿಸಿ ಸ್ವಿಚ್ ಒತ್ತಿದಾಗ, ಕತ್ತಲೆಯಿಂದ ಗಾಳಿ ಬೀಸಿದಂತೆ ಏಳುವ ಆ ಆರಂಭದ ಸದ್ದು ಬಂತು. ಆ ಅಮ್ಮ, "ಈ ಸದ್ದು ಕೇಳಿ ಹತ್ತು ವರ್ಷ ಆಗಿತ್ತು" ಎಂದರು. ಒಂದೂವರೆ ಗಂಟೆಯ ಕೆಲಸ. ಕಂಪನಿಯ ಕಡೆಯಿಂದ ಏನೂ ಬೇಕಾಗಲಿಲ್ಲ.

ಬಾಗಿಲು ತೆರೆದಿರುವ ಮಶಿನ್ ಎಂದರೆ ನನ್ನ ಮಟ್ಟಿಗೆ ಇದು.

ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಆಟ ನನ್ನದೇ ಅಲ್ಲವೇ?

ನಿಮ್ಮದು ಎಂದು ನೀವೂ ಅಂದುಕೊಂಡಿರುತ್ತೀರಿ, ನಾನೂ ಅಂದುಕೊಂಡಿದ್ದೆ. ಒಪ್ಪಂದದ ಪ್ರಕಾರ ನಿಮಗೆ ಸಿಕ್ಕಿರುವುದು ಆಡುವ ಪರವಾನಗಿ ಮಾತ್ರ. ಆನ್‌ಲೈನ್ ಅಂಗಡಿಯ ಗುಂಡಿಯ ಮೇಲೆ "ಖರೀದಿಸಿ" ಎಂದಿರುತ್ತದೆ. "ಬಾಡಿಗೆಗೆ ಪಡೆಯಿರಿ" ಎಂದು ಬರೆದಿದ್ದರೆ ಎಷ್ಟು ಜನ ಅಷ್ಟು ಹಣ ಕೊಡುತ್ತಿದ್ದರು? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಗಮನಿಸಿ ಕಾನೂನು ಮಾಡಿದೆ. ಮಾರುತ್ತಿರುವುದು ಪರವಾನಗಿ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ನಿಯಮ ಅಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಬರಬೇಕು.

ಒಂದೊಂದಾಗಿ ಮುಚ್ಚಿದ ಬಾಗಿಲುಗಳನ್ನು ನೋಡಿ. ನಿಂಟೆಂಡೊ ವೀ ಕನ್ಸೋಲಿನ ಆನ್‌ಲೈನ್ ಅಂಗಡಿ 2019ರ ಜನವರಿ ಕೊನೆಗೆ ಮುಚ್ಚಿತು. ಅದೇ ಕಂಪನಿಯ 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಅಂಗಡಿಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ ನಿಂತಿತು, ಅವುಗಳ ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ಕ್ಕೆ ಕದ ಹಾಕಿತು. ಮೊದಲೇ ಕೊಂಡವರು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಲು 3ಡಿಎಸ್, ವೀ ಯು ಮತ್ತು 360ರಲ್ಲಿ ಅವಕಾಶ ಉಳಿಸಿದ್ದಾರೆ. ಅದೂ ಎಂದಿನ ತನಕ ಎಂದು ಬರೆದುಕೊಟ್ಟಿಲ್ಲ.

ಸೋನಿಯ ಕಥೆ ಕೇಳಿದರೆ ಸ್ವಲ್ಪ ಧೈರ್ಯ ಬರುತ್ತದೆ. 2021ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಮತ್ತು ವೀಟಾ ಅಂಗಡಿಗಳನ್ನು ಆ ವರ್ಷವೇ ಮುಚ್ಚುತ್ತೇವೆ ಎಂದು ಘೋಷಿಸಿದರು. ಆಡುವವರು ಎಲ್ಲ ಕಡೆಯಿಂದ ದನಿ ಎತ್ತಿದರು. ಏಪ್ರಿಲ್‌ನಲ್ಲೇ ಕಂಪನಿಯ ಮುಖ್ಯಸ್ಥರು ನಮ್ಮ ನಿರ್ಧಾರ ತಪ್ಪಾಗಿತ್ತು ಎಂದು ಒಪ್ಪಿಕೊಂಡು ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಉಳಿಸಿದರು. ಕೇಳಿದರೆ ಕೊಡುತ್ತಾರೆ, ಸುಮ್ಮನಿದ್ದರೆ ಮುಚ್ಚುತ್ತಾರೆ. ಈ ಪುಟ ಬರೆಯಲು ಕುಳಿತದ್ದಕ್ಕೆ ಅದೂ ಒಂದು ಕಾರಣ.

ಡಿಸ್ಕ್ ಇದ್ದರೆ ಚಿಂತೆಯಿಲ್ಲ ತಾನೇ?

ಹಳೆಯ ಮಶಿನ್‌ಗಳಲ್ಲಿ ಈ ಮಾತು ನಿಜವಾಗಿತ್ತು. ಹೊಸದರಲ್ಲಿ ಅಷ್ಟು ನಿಜವಲ್ಲ. ಒಂದು ಪುಟ್ಟ ಬ್ಯಾಟರಿಯ ಕಥೆ ಹೇಳಿದರೆ ಅರ್ಥವಾಗುತ್ತದೆ.

ಗಡಿಯಾರದ ಅಂಗಡಿಯಲ್ಲಿ ಸಿಗುವ, ನಾಣ್ಯದ ಆಕಾರದ ಸಿಆರ್ 2032 ಬ್ಯಾಟರಿ ಪ್ಲೇಸ್ಟೇಷನ್ 2ರ ಒಳಗೂ ಇದೆ, ಪ್ಲೇಸ್ಟೇಷನ್ 4ರ ಒಳಗೂ ಇದೆ. ಎರಡರಲ್ಲೂ ಅದರ ಕೆಲಸ ಸಮಯವನ್ನು ನೆನಪಿಡುವುದು. ಪ್ಲೇಸ್ಟೇಷನ್ 2ರಲ್ಲಿ ಅದು ಸತ್ತರೆ ಮಶಿನ್ ದಿನಾಂಕ, ಗಂಟೆ ಕೇಳುತ್ತದೆ. ನೀವು ಹೇಳಿದರೂ ಸರಿ, ಹೇಳದಿದ್ದರೂ ಸರಿ, ಆಟ ನಡೆಯುತ್ತದೆ. ಪ್ಲೇಸ್ಟೇಷನ್ 4ರಲ್ಲಿ ಹಾಗಿರಲಿಲ್ಲ. ಬ್ಯಾಟರಿ ಸತ್ತ ಮೇಲೆ ಮಶಿನ್ ಒಮ್ಮೆ ಕಂಪನಿಯ ಸರ್ವರ್ ಜೊತೆ ಮಾತಾಡಿ ಸಮಯ ಸರಿಪಡಿಸಿಕೊಳ್ಳಬೇಕಿತ್ತು. ಇಂಟರ್‌ನೆಟ್ ಇಲ್ಲದಿದ್ದರೆ ಅಂಗಡಿಯಿಂದ ತಂದ ಡಿಸ್ಕ್ ಕೂಡ ಓಡುತ್ತಿರಲಿಲ್ಲ. ಆಟ ಆಡಿ ಗೆದ್ದ ಟ್ರೋಫಿಗಳ ದಿನಾಂಕವನ್ನು ಯಾರೂ ತಿದ್ದಬಾರದು ಎಂಬ ಉದ್ದೇಶಕ್ಕೆ ಮಾಡಿದ ಏರ್ಪಾಡು ಅದು ಎನ್ನುತ್ತಾರೆ. ಸರ್ವರ್ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಸರ್ವರ್ ಎಂದಾದರೂ ನಿಂತರೆ, ಮುಂದೆ ಬ್ಯಾಟರಿ ಸತ್ತ ಪ್ರತಿಯೊಂದು ಮಶಿನ್ ಕಲ್ಲಾಗುತ್ತಿತ್ತು. ಜನ ಇದನ್ನು ಪರೀಕ್ಷಿಸಿ ತೋರಿಸಿದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಬಂದ 9.00 ಅಪ್‌ಡೇಟ್‌ನಲ್ಲಿ ಸೋನಿ ಅದನ್ನು ಸರಿಪಡಿಸಿತು. ನಿಮ್ಮ ಮನೆಯಲ್ಲಿ ಅಟ್ಟಕ್ಕೇರಿಸಿದ ಪ್ಲೇಸ್ಟೇಷನ್ 4 ಇದ್ದರೆ, ದಯವಿಟ್ಟು ಈ ವಾರವೇ ಕೆಳಗಿಳಿಸಿ ಅಪ್‌ಡೇಟ್ ಮಾಡಿಸಿ.

ಇನ್ನೊಂದು ಬೀಗ ಡಿಸ್ಕ್ ಓದುವ ಭಾಗವಾದ ಡ್ರೈವ್‌ನಲ್ಲಿದೆ. ಎಕ್ಸ್‌ಬಾಕ್ಸ್ 360ರಲ್ಲಿಯೂ ಪ್ಲೇಸ್ಟೇಷನ್ 3ರಲ್ಲಿಯೂ ಡ್ರೈವ್‌ನ ಬೋರ್ಡ್ ಮತ್ತು ಮದರ್‌ಬೋರ್ಡ್ ಪರಸ್ಪರ ಗುರುತು ಹಿಡಿಯುವ ಜೋಡಿಗಳು. ಬೇರೆ ಮಶಿನ್‌ನ ಡ್ರೈವ್ ತಂದು ಕೂರಿಸಿದರೆ ಡಿಸ್ಕ್ ಒಳಗೆ ಹೋಗುತ್ತದೆ, ತಿರುಗುತ್ತದೆ, ಆಟ ಮಾತ್ರ ಬರುವುದಿಲ್ಲ. ಹಾಗಾಗಿ ಹಳೆಯ ಬೋರ್ಡ್ ಉಳಿಸಿಕೊಂಡು ಲೆನ್ಸ್ ಮತ್ತು ಮೋಟಾರ್ ಮಾತ್ರ ಬದಲಿಸುತ್ತೇವೆ. ಬೋರ್ಡೇ ಸುಟ್ಟು ಬಂದರೆ ಗಿರಾಕಿಗೆ ಆಸೆ ತೋರಿಸುವುದಿಲ್ಲ. 2023ರಲ್ಲಿ ಬಂದ ತೆಳುವಾದ ಪ್ಲೇಸ್ಟೇಷನ್ 5ರಲ್ಲಿ ಡ್ರೈವ್ ಕಳಚಿ ಹಾಕಬಹುದು, ಸುಲಭ. ಆದರೆ ಹೊಸ ಡ್ರೈವ್ ಜೋಡಿಸುವಾಗ ಒಮ್ಮೆ ಇಂಟರ್‌ನೆಟ್ ಮೂಲಕ ಕಂಪನಿಯ ಒಪ್ಪಿಗೆ ಪಡೆಯಬೇಕು. ಈಗ ಅರ್ಧ ನಿಮಿಷದ ಕೆಲಸ. 2045ರಲ್ಲಿ ಒಪ್ಪಿಗೆ ಕೊಡಲು ಯಾರಿರುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಹಳೆಯದನ್ನು ನೋಡಿಕೊಳ್ಳುತ್ತಾ ಕೂತರೆ ಕಂಪನಿಗೆ ನಷ್ಟವಲ್ಲವೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಮಂಡಿಪೇಟೆಯ ವ್ಯಾಪಾರಿಗಳ ಮನೆಯವರು, ನ್ಯಾಯವಾಗಿಯೇ ಕೇಳುತ್ತಾರೆ. ಖರ್ಚು ಇರುವುದು ನಿಜ. ಹಳೆಯ ಚಿಪ್ ತಯಾರಿಸುವ ಘಟಕಗಳು ಒಂದು ದಿನ ನಿಲ್ಲುತ್ತವೆ. ಹಣ ಪಾವತಿಯ ವ್ಯವಸ್ಥೆಗೆ ಹೊಸ ಭದ್ರತಾ ನಿಯಮ ಬಂದಾಗ ಹದಿನೈದು ವರ್ಷದ ಹಿಂದಿನ ಮಶಿನ್‌ಗೆ ಅದನ್ನು ಹೊಂದಿಸುವುದು ಸುಲಭವಲ್ಲ. ಸರ್ವರ್‌ಗೆ ಕರೆಂಟ್ ಬೇಕು, ನೋಡಿಕೊಳ್ಳುವ ಜನ ಬೇಕು. ಐವತ್ತು ಜನ ಆಡುವ ಆಟಕ್ಕೆ ಆ ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಕೇಳಲಾರೆ.

ಹಾಗೆಂದು ಎಲ್ಲ ಖರ್ಚೂ ನಷ್ಟವಲ್ಲ. ಎಕ್ಸ್‌ಬಾಕ್ಸ್ 360 ಶುರುವಿನ ವರ್ಷಗಳಲ್ಲಿ ಬಿಸಿಯಾಗಿ ಕೆಡುತ್ತಿತ್ತು, ಮುಂದಿನ ಪವರ್ ಗುಂಡಿಯ ಸುತ್ತ ಕೆಂಪು ದೀಪ ಬಂದರೆ ಕಥೆ ಮುಗಿದಂತೆ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಕಂಪನಿ ಮುಳುಗಲಿಲ್ಲ. ಆ ಮಶಿನ್ ಅನ್ನು 2016ರ ತನಕ ತಯಾರಿಸಿ ಮಾರಿದರು. ಮಾರಿದ ವಸ್ತುವಿನ ಹಿಂದೆ ನಿಂತವನ ಅಂಗಡಿಗೆ ಜನ ಮತ್ತೆ ಹೋಗುತ್ತಾರೆ, ಇದನ್ನು ಮಂಡಿಪೇಟೆಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಬೀಗದ ಕೈ ಒಪ್ಪಿಸುವುದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ. ಕೊನೆಯದಾಗಿ ಒಂದು ಅಪ್‌ಡೇಟ್ ಬಿಟ್ಟು, ಸರ್ವರ್ ಇಲ್ಲದೆಯೂ ಮಶಿನ್ ನಡೆಯುವಂತೆ ಮಾಡಿ. ಡ್ರೈವ್ ಜೋಡಿಸುವ ಬೀಗ ತೆಗೆಯಿರಿ. ಸರ್ವಿಸ್ ಕೈಪಿಡಿ ಮತ್ತು ಸರ್ಕ್ಯೂಟ್ ನಕ್ಷೆಯನ್ನು ಎಲ್ಲರಿಗೂ ಕೊಡಿ. ನನ್ನ ಪಟ್ಟಿ ಇಷ್ಟೇ. ಹಿಂದೆ ಟೀವಿ ಕೊಂಡರೆ ಹಿಂಬದಿಯ ಹಲಗೆಗೋ ಪುಸ್ತಕದ ಕೊನೆಯ ಹಾಳೆಗೋ ಸರ್ಕ್ಯೂಟ್ ನಕ್ಷೆ ಅಂಟಿಸಿ ಕೊಡುತ್ತಿದ್ದರು. ನಾನು ಕೆಲಸ ಕಲಿತದ್ದೇ ಆ ನಕ್ಷೆಗಳಿಂದ. ಈಚೆಗೆ ಒಂದು ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಂದು ಪವರ್ ಬೋರ್ಡಿನ ನಕ್ಷೆ ಕೇಳಿ ಮೂರು ಬಾರಿ ಬರೆದೆ. ಮೂರು ಬಾರಿಯೂ, ಹೊಸ ಮಾದರಿ ಕೊಳ್ಳಿ ಎಂಬ ಒಂದೇ ಸಾಲಿನ ಉತ್ತರ. ಆ ಬೋರ್ಡಿನಲ್ಲಿ ಕೆಟ್ಟಿದ್ದು ಉಬ್ಬಿದ ಎರಡು ಕೆಪಾಸಿಟರ್, ಎರಡೂ ಸೇರಿ ಒಂದು ಬೆಣ್ಣೆದೋಸೆಯ ಬೆಲೆಗಿಂತ ಕಡಿಮೆ. ನಕ್ಷೆ ಇಲ್ಲದ್ದರಿಂದ ಹುಡುಕಲು ಎರಡು ದಿನ ಹಿಡಿಯಿತು.

ಹೊಸ ಕನ್ಸೋಲಿನಲ್ಲೇ ಹಳೆಯ ಆಟ ಆಡಿಸಲು ಇವರಿಗೇನು ಕಷ್ಟ?

ಕೆಲವು ಕಡೆ ನಿಜವಾದ ಕಷ್ಟವಿದೆ. ಆಟ ಎಂದರೆ ಒಂದು ನಿರ್ದಿಷ್ಟ ಪ್ರೊಸೆಸರ್‌ಗೆ ಬರೆದ ಆದೇಶಗಳ ಕಟ್ಟು. ಬೇರೆ ಪ್ರೊಸೆಸರ್‌ನ ಮುಂದೆ ಇಟ್ಟರೆ ಅದಕ್ಕೆ ಆ ಭಾಷೆ ಬರುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು, ಅದನ್ನೇ ಎಮ್ಯುಲೇಟರ್ ಎನ್ನುವುದು. ದುಭಾಷಿ ಪ್ರತಿಯೊಂದು ಮಾತನ್ನೂ ಆ ಕ್ಷಣವೇ ತಿರುಗಿಸಿ ಹೇಳಬೇಕಾದ್ದರಿಂದ ಹೊಸ ಮಶಿನ್‌ಗೆ ಹಳೆಯದಕ್ಕಿಂತ ಹಲವು ಪಟ್ಟು ಶಕ್ತಿ ಬೇಕಾಗುತ್ತದೆ. ಪ್ಲೇಸ್ಟೇಷನ್ 3ರ ಸೆಲ್ ಪ್ರೊಸೆಸರ್ ಇನ್ನೂ ವಿಚಿತ್ರ. ಒಂದು ಮುಖ್ಯ ಭಾಗ, ಅದರ ಸುತ್ತ ಬೇರೆಯೇ ರೀತಿಯಲ್ಲಿ ಕೆಲಸ ಮಾಡುವ ಸಣ್ಣ ಸಣ್ಣ ಭಾಗಗಳು. ಅದನ್ನು ಪಳಗಿಸಲು ಆಟ ಬರೆದವರೇ ವರ್ಷಗಟ್ಟಲೆ ಹೆಣಗಿದ್ದರು.

ಪ್ಲೇಸ್ಟೇಷನ್ 3 2006ರಲ್ಲಿ ಬಂದಾಗ ಒಳಗೆ ಪ್ಲೇಸ್ಟೇಷನ್ 2ರ ಚಿಪ್ ಅನ್ನೇ ಇಟ್ಟಿದ್ದರು, ಹಳೆಯ ಡಿಸ್ಕ್‌ಗಳು ಓಡುತ್ತಿದ್ದವು. ಬೆಲೆ ಇಳಿಸಲು ನಂತರದ ಮಾದರಿಗಳಲ್ಲಿ ಅದನ್ನು ತೆಗೆದರು. ಹೊರಗಿನ ಡಬ್ಬಿ ನೋಡಿ ವ್ಯತ್ಯಾಸ ತಿಳಿಯದೆ ಮೋಸಹೋದವರು ನಮ್ಮೂರಲ್ಲಿ ಎಷ್ಟೋ ಜನ. ಪ್ಲೇಸ್ಟೇಷನ್ 3ರ ಆಟಗಳನ್ನು ಇಂಟರ್‌ನೆಟ್ ಮೂಲಕ ಹರಿಸುವ ಸೌಲಭ್ಯ ಬೇರೆ ದೇಶಗಳಲ್ಲಿದೆ. ಸೋನಿಯ ಚಂದಾ ಸೇವೆ ಪ್ಲೇಸ್ಟೇಷನ್ ಪ್ಲಸ್‌ನ ಹೊಸ ಯೋಜನೆ 2022ರಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿ ಆ ಸೌಲಭ್ಯ ಇರಲಿಲ್ಲ.

ಮನಸ್ಸಿದ್ದರೆ ಮಾರ್ಗ ಎನ್ನುವುದಕ್ಕೆ ಮೈಕ್ರೋಸಾಫ್ಟ್ ಉದಾಹರಣೆ. 2015ರಿಂದ ಆರು ವರ್ಷ ಒಂದು ತಂಡ ಕುಳಿತು ಎಕ್ಸ್‌ಬಾಕ್ಸ್ 360ರ ನೂರಾರು ಆಟಗಳನ್ನು ಹೊಸ ಮಶಿನ್‌ಗಳಲ್ಲಿ ಓಡುವಂತೆ ಮಾಡಿತು. ಹಳೆಯ ಡಿಸ್ಕ್ ಹಾಕಿದರೆ ಸಾಕು, ಮತ್ತೆ ದುಡ್ಡು ಕೊಡಬೇಕಿಲ್ಲ. 2021ರ ನವೆಂಬರ್‌ನಲ್ಲಿ ಕೊನೆಯ ಕಂತಾಗಿ 76 ಆಟಗಳನ್ನು ಸೇರಿಸಿ ನಿಲ್ಲಿಸಿದರು. ಉಳಿದ ಆಟಗಳಿಗೆ ಅಡ್ಡಬಂದದ್ದರಲ್ಲಿ ತಂತ್ರಜ್ಞಾನದಷ್ಟೇ ಹಕ್ಕುಪತ್ರಗಳ ತೊಡಕೂ ಇತ್ತು. ಆಟದೊಳಗಿನ ಹಾಡಿಗೆ, ಕಾರಿನ ಹೆಸರಿಗೆ, ಆಟಗಾರರ ಮುಖಕ್ಕೆ ಪಡೆದ ಪರವಾನಗಿಗಳ ಅವಧಿ ಮುಗಿದಿರುತ್ತದೆ. ಕೆಲವು ಕಡೆ ಆಟ ಮಾಡಿದ ಕಂಪನಿಯೇ ಉಳಿದಿರುವುದಿಲ್ಲ.

ಹಳೆಯ ಆಟಗಳು ಕಳೆದುಹೋದರೆ ಯಾರಿಗೇನು ನಷ್ಟ?

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಅದು ಹೇಳಿತು. ಹಳೆಯ ಮಶಿನ್ ಹುಡುಕಬೇಕು, ಇಲ್ಲವೇ ಕಳ್ಳಪ್ರತಿ ಹಿಡಿಯಬೇಕು. ಪುಸ್ತಕಗಳಿಗೆ ಹೀಗಾಗಿದ್ದರೆ ಊರೂರಲ್ಲಿ ಸಭೆ ಸೇರುತ್ತಿದ್ದೆವು. ಹಳೆಯ ನಾಟಕದ ಒಂದು ಪ್ರತಿಗೆ ಗೆದ್ದಲು ಹಿಡಿದರೆ ಮರುಗುವ ನಾವು ಇದಕ್ಕೂ ಮರುಗಬೇಕು. ಸಾವಿರಾರು ಜನ ಕಲಾವಿದರು, ಸಂಗೀತಗಾರರು, ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು.

ಕಾಪಿ ಡಿಸ್ಕ್ ಹಾವಳಿಯಿಂದಲೇ ಇಷ್ಟು ಬೀಗ ಹಾಕಿದ್ದು ಎನ್ನುತ್ತಾರಲ್ಲ?

ಹಾವಳಿ ಇದ್ದದ್ದು ನಿಜ, ನಮ್ಮೂರಲ್ಲೂ ಇತ್ತು. ಒಂದು ಕಾಲಕ್ಕೆ ಅಸಲಿ ಡಿಸ್ಕ್ ನೋಡಿದವರೇ ಕಡಿಮೆ. ಆಟ ಮಾಡಿದವರಿಗೆ ಅದರಿಂದ ಪೆಟ್ಟು ಬಿದ್ದಿದೆ, ಅದು ತಪ್ಪು. ಆದರೆ ಕಳ್ಳಪ್ರತಿ ಹಾಕುವವನು ಬೀಗವನ್ನು ಎಂದೋ ಒಡೆದು ಆರಾಮವಾಗಿ ಆಡುತ್ತಿದ್ದಾನೆ. ಒದ್ದಾಡುತ್ತಿರುವವನು ಪೂರ್ತಿ ದುಡ್ಡು ಕೊಟ್ಟು ರಸೀದಿ ಇಟ್ಟುಕೊಂಡವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬಂತಾಗಿದೆ. ಇನ್ನು, ಕಂಪನಿಯೇ ಮಾರುವುದನ್ನು ನಿಲ್ಲಿಸಿದ ಆಟದ ಪ್ರತಿಯಿಂದ ಅದಕ್ಕೆ ಯಾವ ವ್ಯಾಪಾರ ತಪ್ಪಿಹೋಯಿತು?

ನಮ್ಮಲ್ಲಿ ಕಾಪಿ ಡಿಸ್ಕ್ ಮಾರುವುದಿಲ್ಲ. ಇದನ್ನು ದಯವಿಟ್ಟು ಮತ್ತೆ ಮತ್ತೆ ಕೇಳಬೇಡಿ.

ತೊಂಬತ್ತರ ದಶಕದಲ್ಲಿ ಆಡುತ್ತಿದ್ದ ಕ್ಯಾಸೆಟ್ ಟೀವಿ ಗೇಮ್ ಯಾವ ಕಂಪನಿಯದು?

ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳು. ಹಳದಿ ಕ್ಯಾಸೆಟ್, "9999 ಆಟಗಳು" ಎಂಬ ಚೀಟಿ, ಒಳಗೆ ಅದೇ ಹತ್ತಿಪ್ಪತ್ತು ಆಟ ಬೇರೆ ಬೇರೆ ಹೆಸರಿನಲ್ಲಿ. ದುಗ್ಗಮ್ಮನ ಜಾತ್ರೆಯ ಅಂಗಡಿಗಳಲ್ಲಿ ಕೊಂಡವರು ಇರುತ್ತೀರಿ. ಬಿಚ್ಚಿದರೆ ಒಳಗೆ ಚಿಕ್ಕ ಬೋರ್ಡ್, ನಡುವೆ ಕರಿ ಅಂಟಿನ ಉಂಡೆ. ಇಡೀ ಕನ್ಸೋಲ್ ಆ ಉಂಡೆಯ ಅಡಿಯ ಒಂದೇ ಚಿಪ್ಪಿನಲ್ಲಿ. ಚಿಪ್ ಸತ್ತರೆ ಏನೂ ಮಾಡಲಾಗದು. ಮಿಕ್ಕಂತೆ ಕೆಡುವುದು ಜಾಯ್‌ಸ್ಟಿಕ್ಕಿನ ತಂತಿ ಮತ್ತು ಅಡಾಪ್ಟರ್, ಎರಡೂ ಹತ್ತು ನಿಮಿಷದ ಕೆಲಸ. ಆ ಮಶಿನ್‌ಗಳಿಗೆ ವಾರಂಟಿ ಇರಲಿಲ್ಲ, ವಿಳಾಸ ಇರಲಿಲ್ಲ, ಬೆಂಬಲದ ಮಾತೇ ಇರಲಿಲ್ಲ. ಮೂವತ್ತು ವರ್ಷ ಕಳೆದ ಮೇಲೂ ಸ್ವಿಚ್ ಹಾಕಿದರೆ ನಡೆಯುತ್ತವೆ, ಯಾರನ್ನೂ ಕೇಳಿಕೊಳ್ಳಬೇಕಿಲ್ಲದ್ದರಿಂದ.

ಆನ್‌ಲೈನ್ ಆಟದ ಸರ್ವರ್ ಮುಚ್ಚಿದರೆ ಮುಂದೇನು?

2014ರಲ್ಲಿ ಬಂದ ದಿ ಕ್ರೂ ಎಂಬ ಕಾರು ಓಡಿಸುವ ಆಟದ ಸರ್ವರ್‌ಗಳನ್ನು ಅದನ್ನು ಹೊರತಂದ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಒಬ್ಬರೇ ಆಡಬಹುದಾದ ಭಾಗವೂ ಸರ್ವರ್‌ಗೆ ಕಟ್ಟಿಕೊಂಡಿದ್ದರಿಂದ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಇಲ್ಲವಾಯಿತು. ಅದರಿಂದ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸರ್ವರ್ ನಡೆಸುತ್ತಲೇ ಇರಿ ಎಂದು ಅವರೂ ಕೇಳುತ್ತಿಲ್ಲ. ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ. ದಾವಣಗೆರೆಯಲ್ಲಿ ಕೂತ ನನ್ನ ಮಾತನ್ನೇ ಅವರು ಅಲ್ಲಿ ಆಡುತ್ತಿರುವುದು ಕಂಡು ಸಂತೋಷವಾಯಿತು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಕನ್ಸೋಲ್‌ಗಳಿಗೆಂದೇ ಮಾಡಿದ ಕಾನೂನು ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ವಾರಂಟಿ ಒಳಗಿನ ಮಶಿನ್‌ಗೆ ಅನ್ಯಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ ಇಲ್ಲದೆ ಏನೂ ನಡೆಯುವುದಿಲ್ಲ, ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಮಗ ಹೊಸದನ್ನು ಕೇಳುತ್ತಿದ್ದಾನೆ. ಹಳೆಯದನ್ನು ಗುಜರಿಗೆ ಹಾಕಲೇ?

ಬೇಡ. ನಡೆಯುವ ಮಶಿನ್ ಆದರೆ ಆಡುವ ಇನ್ನೊಂದು ಮಗುವಿಗೆ ಕೊಡಿ. ನಡೆಯದಿದ್ದರೆ ನಮ್ಮಂಥವರಿಗೆ ಕೊಡಿ, ಅದರ ಲೆನ್ಸ್, ಫ್ಯಾನ್, ಸ್ಕ್ರೂ ಇನ್ನೊಂದನ್ನು ಬದುಕಿಸುತ್ತವೆ. ಕೊಡುವ ಮೊದಲು ನಿಮ್ಮ ಖಾತೆಯನ್ನು ಅದರಿಂದ ತೆಗೆಯಿರಿ.

ಬೇಸಿಗೆಯಲ್ಲಿ ಹೇಗೆ ಕಾಪಾಡುವುದು?

ಟೀವಿ ಸ್ಟ್ಯಾಂಡಿನ ಮುಚ್ಚಿದ ಗೂಡಿನಲ್ಲಿ ಇಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಆಡದಿರುವಾಗ ಪ್ಲಗ್ ಕಿತ್ತಿಡಿ. ಕರೆಂಟ್ ಹೋಗಿ ಬಂದ ಗಳಿಗೆಯಲ್ಲಿ ಪವರ್ ಬೋರ್ಡ್ ಸುಟ್ಟುಕೊಂಡು ಬರುವ ಮಶಿನ್‌ಗಳು ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಎರಡು ವರ್ಷಕ್ಕೊಮ್ಮೆ ಧೂಳು ತೆಗೆಸಿ, ಚಿಪ್‌ನ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿ. ಗೃಹಿಣಿಯರಿಗೆ ಒಂದು ವಿನಂತಿ: ಒದ್ದೆ ಬಟ್ಟೆಯಿಂದ ಗಾಳಿಯ ಕಿಂಡಿ ಒರೆಸಬೇಡಿ, ಒಣ ಬ್ರಷ್ ಸಾಕು.

ಜಾತ್ರೆಗೆ ಮೊದಲು ರಿಪೇರಿ ಆಗುತ್ತದೆಯೇ?

ಹೊರಗಿನವರಿಗೆ ಈ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಬೆಂಗಳೂರು, ಪುಣೆ, ದುಬೈಗೆ ಹೋದವರೆಲ್ಲ ಊರಿಗೆ ಬರುತ್ತಾರೆ. ಅದಕ್ಕೆ ಮೂರು ವಾರ ಮೊದಲು ನನ್ನ ಮೇಜಿನ ಮೇಲೆ ಪ್ಲೇಸ್ಟೇಷನ್ 2ಗಳು ಸಾಲಾಗಿ ಕೂರುತ್ತವೆ. ಜಗಳೂರಿನ ಒಬ್ಬ ಮೇಷ್ಟ್ರು ಪ್ರತಿ ಜಾತ್ರೆಗೂ ತಮ್ಮದನ್ನು ತರುತ್ತಾರೆ. ಕಾಲೇಜಿನಲ್ಲಿದ್ದಾಗ ವಿದ್ಯಾನಗರದ ಬಾಡಿಗೆ ರೂಮಿನಲ್ಲಿ ನಾಲ್ವರು ಸೇರಿ ಕೊಂಡ ಮಶಿನ್ ಅದು. 8 ಎಂಬಿಯ ಮೆಮೊರಿ ಕಾರ್ಡಿನ ಮೇಲೆ ಬಿಳಿ ಟೇಪ್ ಅಂಟಿಸಿ "ರೂಮ್ ನಂ. 6" ಎಂದು ಪೆನ್ನಿನಲ್ಲಿ ಬರೆದಿದ್ದಾರೆ. ಅದರಲ್ಲಿ ಅವರು ಅರ್ಧಕ್ಕೆ ನಿಲ್ಲಿಸಿದ ಒಂದು ಕ್ರಿಕೆಟ್ ಸರಣಿ ಇದೆ. ಜಾತ್ರೆಗೆ ನಾಲ್ವರೂ ಸೇರಿದಾಗ ಒಂದೋ ಎರಡೋ ಪಂದ್ಯ ಆಡುತ್ತಾರೆ, ಮತ್ತೆ ಉಳಿಸಿಡುತ್ತಾರೆ. ಕಳೆದ ಸಲ ಅವರ ಮಶಿನ್ ಡಿಸ್ಕ್ ಓದುತ್ತಿರಲಿಲ್ಲ. ಲೆನ್ಸ್ ಬದಲಿಸಿ, ಕಾರ್ಡ್ ಸಿಕ್ಕಿಸಿ ನೋಡಿದೆ. ಸರಣಿ ಹಾಗೆಯೇ ಇತ್ತು, ಮೂರನೆಯ ಪಂದ್ಯ ಬಾಕಿ.

ಆಗುತ್ತದೆ, ಆದರೆ ಹದಿನೈದು ದಿನ ಮೊದಲೇ ತನ್ನಿ. ಲೆನ್ಸ್ ತರಿಸಲು ಒಂದು ವಾರ ಬೇಕು. ಮಶಿನ್ ಜೊತೆ ಮೆಮೊರಿ ಕಾರ್ಡನ್ನೂ ತನ್ನಿ, ಹೋಗುವಾಗ ಅದನ್ನು ಮರೆಯದೆ ಕೇಳಿ ತೆಗೆದುಕೊಳ್ಳಿ.